ನೆನಪಿನ ಔಷಧಿ ಕೆಲಸ ಮಾಡಿತೆಂದು ಗೊತ್ತಾಗುವುದು ಹೇಗೆ?

ದುಂಡನೆಯ ದೊಡ್ಡ ತೊಟ್ಟಿ, ಅಡ್ಡಗಲ ಒಂದೂವರೆ ಎರಡು ಮೀಟರ್. ನೀರಿಗೆ ಹಾಲಿನ ಪುಡಿಯನ್ನೋ ಬಿಳಿ ಬಣ್ಣವನ್ನೋ ಕದಡಿ ತಳ ಕಾಣದಂತೆ ಮಾಡಿರುತ್ತಾರೆ. ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಕೆಳಗೆ, ಒಂದು ಕಡೆ, ಪುಟ್ಟ ಕಟ್ಟೆಯೊಂದು ಮುಳುಗಿದೆ. ಇಲಿಯನ್ನು ತಂದು, ಗೋಡೆಗೆ ಮುಖ ಮಾಡಿಸಿ, ನೀರಿಗಿಳಿಸುತ್ತಾರೆ. ಇಲಿಗೆ ಈಜು ಬರುತ್ತದೆ, ಆದರೆ ನೀರಿನಲ್ಲಿರುವುದು ಅದಕ್ಕೆ ಬೇಡ. ಮೊದಲ ದಿನ ಗೋಡೆಯ ಅಂಚಿಗೇ ಸುತ್ತು ಹಾಕುತ್ತದೆ, ನಡುವೆ ಅತ್ತಿತ್ತ ಅಲೆಯುತ್ತದೆ, ಕೊನೆಗೆ ಅಕಸ್ಮಾತ್ತಾಗಿ ಕಟ್ಟೆ ಕಾಲಿಗೆ ತಗಲುತ್ತದೆ. ಹತ್ತಿ ಕೂತು ಸುತ್ತ ನೋಡುತ್ತದೆ: ಗೋಡೆಯ ಮೇಲಿನ ಚಿತ್ರ, ಬಾಗಿಲು, ದೀಪ. ದಿನಕ್ಕೆ ನಾಲ್ಕು ಸಲದಂತೆ ಕೆಲವು ದಿನ ಹೀಗೇ ನಡೆದರೆ, ತೊಟ್ಟಿಯ ಯಾವ ಕಡೆಯಿಂದ ಬಿಟ್ಟರೂ ಅದು ನೇರವಾಗಿ ಕಟ್ಟೆಯತ್ತ ಈಜುತ್ತದೆ. ಆಮೇಲೆ ಒಂದು ದಿನ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ಇಲಿಯನ್ನು 60 ಸೆಕೆಂಡ್ ಈಜಲು ಬಿಟ್ಟು, ಅದು ಹೋದ ದಾರಿಯನ್ನು ಮೇಲಿನ ಕ್ಯಾಮೆರಾದಲ್ಲಿ ದಾಖಲಿಸುತ್ತಾರೆ. ಕಲಿತದ್ದು ನೆನಪಿರುವ ಇಲಿ ಕಟ್ಟೆ ಇದ್ದ ಜಾಗದಲ್ಲೇ ಮತ್ತೆ ಮತ್ತೆ ಹುಡುಕುತ್ತದೆ. ನೆನಪಿಲ್ಲದ್ದು ತೊಟ್ಟಿಯಿಡೀ ಅಲೆಯುತ್ತದೆ.

ರಿಚರ್ಡ್ ಮಾರಿಸ್ ಎಂಬ ನರವಿಜ್ಞಾನಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿದ್ದಾಗ ರೂಪಿಸಿ 1981ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹಾನಿಯಾದ ಇಲಿಗಳು ಈ ತೊಟ್ಟಿಯಲ್ಲಿ ಜಾಗ ಕಲಿಯಲಾರವು ಎಂದು ಅವರ ತಂಡ ಮರುವರ್ಷವೇ ತೋರಿಸಿತು. 1986ರಲ್ಲಿ ಇನ್ನೊಂದು ಹೆಜ್ಜೆ: ನರಕೋಶಗಳ ನಡುವಣ ಸಂಪರ್ಕವನ್ನು ಗಟ್ಟಿಗೊಳಿಸುವ ಎನ್‌ಎಂಡಿಎ ಗ್ರಾಹಕಗಳನ್ನು (ಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ರಾಸಾಯನಿಕದಿಂದ ತಡೆದರೂ ಕಲಿಕೆ ಕುಂಟುತ್ತದೆ ಎಂದು ಗೊತ್ತಾಯಿತು. ಅಂದಿನಿಂದ ಕಲಿಕೆ ಮತ್ತು ನೆನಪಿನ ತೊಂದರೆಗೆ ಔಷಧಿ ಹುಡುಕುವ ಎಷ್ಟೋ ಲ್ಯಾಬುಗಳಲ್ಲಿ ಈ ತೊಟ್ಟಿ ಮೊದಲ ತಪಾಸಣಾ ಕಟ್ಟೆಯಾಗಿದೆ.

ಔಷಧಿ ಕೊಟ್ಟ ಇಲಿ ಬೇಗ ಕಟ್ಟೆ ಸೇರಿತು ಎಂಬ ಸಂಶೋಧನಾ ವಾಕ್ಯವೇ ಮರುದಿನ ‘ಮರೆವಿಗೆ ಮದ್ದು ಸಿಕ್ಕಿತು’ ಎಂಬ ಸುದ್ದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಮನೆಯಲ್ಲಿ ಮರೆವಿನ ಕಾಯಿಲೆಯವರೋ ಕಲಿಕೆಯಲ್ಲಿ ಹಿಂದುಳಿದ ಮಗುವೋ ಇರುವವರಿಗೆ ಆ ಸುದ್ದಿ ಹುಟ್ಟಿಸುವ ಆಸೆ ಸಣ್ಣದಲ್ಲ. ಆದ್ದರಿಂದಲೇ ತೊಟ್ಟಿಯಿಂದ ಔಷಧಿಯಂಗಡಿಯವರೆಗಿನ ದಾರಿ ಹೇಗಿದೆ, ಎಲ್ಲೆಲ್ಲಿ ಕಡಿದು ಬೀಳುತ್ತದೆ ಎಂಬುದು ತಿಳಿದಿರಬೇಕು. ಆ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ: ಈ ಅಂಕ ಹೆಚ್ಚಾಗಲು ನೆನಪಲ್ಲದೆ ಬೇರೇನಾದರೂ ಕಾರಣವಿದೆಯೇ?

ಸೆಕೆಂಡುಗಳ ಹಿಂದೆ ಏನಿದೆ

ತೊಟ್ಟಿಯಿಂದಲೇ ಶುರುಮಾಡೋಣ. ಔಷಧಿ ಪಡೆದ ಇಲಿ 40 ಸೆಕೆಂಡಿನ ಬದಲು 20 ಸೆಕೆಂಡಿನಲ್ಲಿ ಕಟ್ಟೆ ತಲುಪಿತು ಎಂದುಕೊಳ್ಳಿ. ಔಷಧಿ ಉತ್ತೇಜಕವಾಗಿದ್ದು ಇಲಿ ಜೋರಾಗಿ ಈಜಿರಬಹುದು. ಅದರ ಹೆದರಿಕೆ ಕಡಿಮೆಯಾಗಿ, ಗೋಡೆ ಬಿಟ್ಟು ನಡುವಿಗೆ ಬರುವ ಧೈರ್ಯ ಬಂದಿರಬಹುದು. ಎರಡರಲ್ಲೂ ಸಮಯ ಉಳಿಯುತ್ತದೆ, ನೆನಪು ಇದ್ದಲ್ಲೇ ಇರುತ್ತದೆ.

ಕಣ್ಣಿನ ವಿಷಯವಂತೂ ಎಷ್ಟೋ ಜನರನ್ನು ದಾರಿ ತಪ್ಪಿಸುವಂಥದ್ದು. ಲ್ಯಾಬುಗಳಲ್ಲಿ ಬಳಸುವ ಸಿ3ಎಚ್, ಎಫ್‌ವಿಬಿ ಮುಂತಾದ ಇಲಿ ತಳಿಗಳಲ್ಲಿ ಅಕ್ಷಿಪಟಲವನ್ನು ಎಳವೆಯಲ್ಲೇ ಹಾಳುಮಾಡುವ ಜೀನ್ ದೋಷವಿದೆ. ಗೋಡೆಯ ಚಿತ್ರ ಕಾಣದ ಇಲಿ ಜಾಗ ಕಲಿಯುವುದಾದರೂ ಹೇಗೆ? ಅದರ ದಾರಿಯ ನಕ್ಷೆಯನ್ನಷ್ಟೇ ನೋಡಿದವರಿಗೆ ಅದು ನೆನಪು ಕಳೆದುಕೊಂಡ ಇಲಿಯಂತೆಯೇ ಕಾಣುತ್ತದೆ. ಇದಕ್ಕೇ ಕಟ್ಟೆಯನ್ನು ನೀರಿನಿಂದ ಮೇಲೆತ್ತಿ, ಅದಕ್ಕೊಂದು ಬಾವುಟ ಸಿಕ್ಕಿಸಿ, ಕಣ್ಣಿಗೆ ಕಾಣುವ ಕಟ್ಟೆಯತ್ತ ಇಲಿ ಸರಾಗವಾಗಿ ಈಜುತ್ತದೆಯೇ ಎಂದು ಬೇರೆಯಾಗಿ ಪರೀಕ್ಷಿಸುತ್ತಾರೆ. ಈಜಿನ ವೇಗ, ಈಜಿದ ದೂರ, ಗೋಡೆಯಂಚಿನಲ್ಲಿ ಕಳೆದ ಹೊತ್ತು ಎಲ್ಲವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಕಟ್ಟೆ ತಲುಪಲು ಹಿಡಿದ ಸೆಕೆಂಡುಗಳ ಗ್ರಾಫ್ ಒಂದನ್ನೇ ಮುಂದಿಡುವ ವರದಿಯನ್ನು ನಾನು ನೆನಪಿನ ಪುರಾವೆಯೆಂದು ಒಪ್ಪುವುದಿಲ್ಲ.

ಔಷಧಿಯನ್ನು ಯಾವಾಗ ಕೊಟ್ಟರು ಎಂಬುದೂ ಬಹಳ ಹೇಳುತ್ತದೆ. ಪಾಠಕ್ಕೆ ಮುಂಚೆ ಕೊಟ್ಟರೆ ಅದು ಗಮನದ ಮೇಲೆ, ಕಣ್ಣಿನ ಮೇಲೆ, ಕೈಕಾಲಿನ ಮೇಲೆ ಎಲ್ಲದರ ಮೇಲೂ ಕೆಲಸ ಮಾಡೀತು. ಪಾಠ ಮುಗಿದ ಕೂಡಲೇ ಕೊಟ್ಟು ಮರುದಿನ ಪರೀಕ್ಷಿಸಿದರೆ? ಪಾಠದ ಹೊತ್ತಿನಲ್ಲಿ ಔಷಧಿ ಮೈಯಲ್ಲಿರಲಿಲ್ಲ, ಪರೀಕ್ಷೆಯ ಹೊತ್ತಿಗೆ ಅದು ಇಳಿದುಹೋಗಿರುತ್ತದೆ. ನಡುವೆ ಬದಲಾಗಿರುವುದು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವ ಕ್ರಿಯೆಯೇ ಇರಬೇಕು. ಅಮೆರಿಕದ ಜೇಮ್ಸ್ ಮೆಗಾ 1960ರ ದಶಕದಿಂದ ಬೆಳೆಸಿದ ಈ ಉಪಾಯ ನೆನಪಿನ ಸಂಶೋಧನೆಯ ಅತ್ಯಂತ ಅಚ್ಚುಕಟ್ಟಾದ ತರ್ಕಗಳಲ್ಲೊಂದು. ನೆನಪು ಕ್ಷಣದಲ್ಲಿ ಅಚ್ಚಾಗಿ ಮುಗಿಯುವುದಿಲ್ಲ, ಆಮೇಲೆಯೂ ಕೆಲಕಾಲ ಹಸಿಯಾಗಿಯೇ ಇರುತ್ತದೆ ಎಂಬುದು ಹೀಗೆಯೇ ತಿಳಿದದ್ದು.

ತೊಟ್ಟಿಯೊಂದನ್ನೇ ನೆಚ್ಚಿಕೊಳ್ಳುವುದೂ ಇಲ್ಲ. 1988ರಲ್ಲಿ ಬಂದ ಹೊಸ ವಸ್ತುವಿನ ಪರೀಕ್ಷೆಯಲ್ಲಿ ಇಲಿಯ ಮುಂದೆ ನಿನ್ನೆ ಕಂಡ ವಸ್ತುವೊಂದು, ಹೊಸದೊಂದು ಇಡುತ್ತಾರೆ. ಹಳೆಯದು ನೆನಪಿದ್ದರೆ ಇಲಿ ಹೊಸದನ್ನೇ ಹೆಚ್ಚು ಮೂಸುತ್ತದೆ. ಇಲ್ಲಿ ಶಿಕ್ಷೆಯಿಲ್ಲ, ಬಹುಮಾನವೂ ಇಲ್ಲ. ಭಯದ ಕಲಿಕೆಯ ಪರೀಕ್ಷೆಯಲ್ಲಿ ಒಂದು ಸದ್ದಿನ ಜೊತೆ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಮರುದಿನ ಆ ಸದ್ದು ಕೇಳಿದೊಡನೆ ಇಲಿ ಅಲುಗಾಡದೆ ನಿಂತರೆ ನೆನಪಿದೆ ಎಂದರ್ಥ. ಆದರೆ ಇಲಿಗೆ ಮಂಪರು ತರಿಸುವ ಔಷಧಿ ಕೊಟ್ಟರೂ ಅದು ಅಲುಗಾಡದೆ ನಿಲ್ಲುತ್ತದೆ! ತೊಟ್ಟಿಯಲ್ಲಿ ದಡ್ಡನಂತೆ ಕಾಣುವ ಅದೇ ಇಲಿ ಇಲ್ಲಿ ಜಾಣನಂತೆ ಕಾಣುತ್ತದೆ. ಹಾಗಾಗಿ ಒಂದರ ದೋಷ ಇನ್ನೊಂದರಲ್ಲಿ ತಿರುಗುಮುರುಗಾಗುವಂಥ ಪರೀಕ್ಷೆಗಳನ್ನು ಆರಿಸಬೇಕು. ಎರಡರಲ್ಲೂ ಸುಧಾರಣೆ ಕಂಡರೆ ಮಾತ್ರ ನೆನಪಿನ ಮಾತು ಎತ್ತಬಹುದು.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಲ್ಯಾಬಿನಿಂದ ಲ್ಯಾಬಿಗೆ ಫಲಿತಾಂಶ ಬದಲಾಗುತ್ತದೆ. ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಆಲ್ಬನಿ, ಎಡ್ಮಂಟನ್, ಪೋರ್ಟ್‌ಲೆಂಡ್ ಎಂಬ ಮೂರು ಊರುಗಳಲ್ಲಿ ಅವೇ ತಳಿಗಳ ಇಲಿಗಳು, ಒಂದೇ ಥರದ ಉಪಕರಣ, ಒಂದೇ ವೇಳಾಪಟ್ಟಿ ಇಟ್ಟುಕೊಂಡು ಪ್ರಯೋಗ ನಡೆಸಿ 1999ರಲ್ಲಿ ಪ್ರಕಟಿಸಿದರು. ಕೆಲವು ಪರೀಕ್ಷೆಗಳಲ್ಲಿ ಮೂರೂ ಕಡೆಯ ಉತ್ತರ ಬೇರೆ ಬೇರೆಯಾಗಿತ್ತು. ಪ್ರಯೋಗ ನಡೆಸುವವರು ಗಂಡಸರಾದರೆ ಅವರ ಮೈವಾಸನೆಗೇ ಇಲಿಗಳು ಒತ್ತಡಕ್ಕೊಳಗಾಗುತ್ತವೆ ಎಂದು 2014ರ ಅಧ್ಯಯನವೊಂದು ತೋರಿಸಿತು. ಯಾವ ಇಲಿಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಇಲಿಯನ್ನು ನೀರಿಗಿಳಿಸುವವರಿಗೂ ಅಂಕ ಬರೆಯುವವರಿಗೂ ಅದು ತಿಳಿಯದಂತೆ ಇಡಬೇಕೆನ್ನುವುದು ಈ ಕಾರಣಕ್ಕೆ.

ಕಾಯಿಲೆಯನ್ನು ಇಲಿಗೆ ತರುವುದು

ಆರೋಗ್ಯವಂತ ಇಲಿಯ ನೆನಪು ಹೆಚ್ಚಿಸಿದರೆ ಸಾಲದು, ಕೆಟ್ಟ ನೆನಪು ಸುಧಾರಿಸಬೇಕು. ಹಾಗಾದರೆ ಮೊದಲು ಅದನ್ನು ಕೆಡಿಸಬೇಕಲ್ಲ.

ಹಳೆಯ ಸುಲಭ ದಾರಿ ಸ್ಕೊಪೊಲಮಿನ್. ದತ್ತೂರದ ಗಿಡದಲ್ಲಿರುವ ರಾಸಾಯನಿಕ ಇದು. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ತರುಣರಿಗೆ ಇದನ್ನು ಕೊಟ್ಟಾಗ ಅವರ ನೆನಪಿನ ಅಂಕಗಳು ವಯಸ್ಸಾದವರ ಅಂಕಗಳನ್ನು ಹೋಲುತ್ತವೆ ಎಂದು 1974ರಲ್ಲಿ ಡ್ರಾಕ್ಮನ್ ಮತ್ತು ಲೆವಿಟ್ ತೋರಿಸಿದರು. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳು ನಶಿಸಿರುವುದೂ ಅದೇ ದಶಕದಲ್ಲಿ ಗೊತ್ತಾಯಿತು. ಎರಡನ್ನೂ ಜೋಡಿಸಿ, ಇದ್ದಷ್ಟು ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ನೋಡಿಕೊಳ್ಳುವ ಔಷಧಿಗಳನ್ನು ಹುಡುಕಿದರು. ಅಮೆರಿಕದಲ್ಲಿ 1993ರಲ್ಲಿ ಟ್ಯಾಕ್ರಿನ್‌ಗೆ ಒಪ್ಪಿಗೆ ಸಿಕ್ಕಿತು, ಆದರೆ ಅದು ಯಕೃತ್ತಿಗೆ ಹಾನಿ ಮಾಡುತ್ತಿತ್ತು. 1996ರಲ್ಲಿ ಬಂದ ಡೊನೆಪೆಜಿಲ್ ಇಂದಿಗೂ ಬಳಕೆಯಲ್ಲಿದೆ.

ಈ ಮಾದರಿ ಫಲ ಕೊಟ್ಟಿತು ನಿಜ. ಅದರೊಳಗೊಂದು ಬಲೆಯೂ ಇದೆ. ಅಸಿಟೈಲ್‌ಕೋಲಿನ್ ತಡೆದು ಕೆಡಿಸಿದ ನೆನಪನ್ನು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧಿ ಸರಿಪಡಿಸಿದರೆ ಅದರಲ್ಲಿ ಅಚ್ಚರಿ ಏನಿದೆ? ನಾವು ಹಾಕಿದ ಬೀಗಕ್ಕೆ ನಮ್ಮದೇ ಕೀಲಿ. ಕಾಯಿಲೆಯಲ್ಲಿ ಬೇರೆ ಬೀಗಗಳೂ ಇದ್ದರೆ ಈ ಪರೀಕ್ಷೆಗೆ ಅವು ಕಾಣುವುದೇ ಇಲ್ಲ. ಇಂದಿಗೂ ಯಾವುದೋ ಸಸ್ಯಸಾರ ಸ್ಕೊಪೊಲಮಿನ್ ಕೊಟ್ಟ ಇಲಿಯ ನೆನಪನ್ನು ಮರಳಿಸಿತು ಎಂಬ ವರದಿಗಳು ಬರುತ್ತಲೇ ಇರುತ್ತವೆ. ಅವುಗಳಿಂದ ಆಲ್ಝೈಮರ್ ಬಗ್ಗೆ ತಿಳಿಯುವುದು ತೀರಾ ಕಡಿಮೆ.

ಎರಡನೆಯ ದಾರಿ ಜೀನ್ ತಿದ್ದಿದ ಇಲಿಗಳು. ಇಲಿಗೆ ತಾನಾಗಿ ಆಲ್ಝೈಮರ್ ಬರುವುದಿಲ್ಲ. ಚಿಕ್ಕ ವಯಸ್ಸಿಗೇ ಕಾಯಿಲೆ ತಗಲುವ ಕೆಲವು ಮಾನವ ಕುಟುಂಬಗಳ ದೋಷಯುಕ್ತ ಜೀನನ್ನು ಇಲಿಗೆ ಸೇರಿಸಿ, ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳು ಕಟ್ಟಿಕೊಳ್ಳುವ ತಳಿಗಳನ್ನು 1995ರಿಂದ ತಯಾರಿಸಿದರು. ಈ ಇಲಿಗಳಿಗೆ ಗಡ್ಡೆ ಬರುತ್ತದೆ, ನೆನಪೂ ಕುಂದುತ್ತದೆ. ಆದರೆ ಮನುಷ್ಯರಲ್ಲಿ ಆಗುವಂಥ ನರಕೋಶಗಳ ಸಾಮೂಹಿಕ ಸಾವು ಇವುಗಳ ಪೈಕಿ ಬಹುಪಾಲು ತಳಿಗಳಲ್ಲಿ ಆಗುವುದಿಲ್ಲ. ಇನ್ನೊಂದು ಅಂತರ ಕಾಲದ್ದು. ಕೆಲವೇ ತಿಂಗಳ ಇಲಿಗೆ, ಎಷ್ಟೋ ಸಲ ಗಡ್ಡೆ ಮೂಡುವ ಮುಂಚೆಯೇ, ಔಷಧಿ ಶುರುಮಾಡುತ್ತಾರೆ. ಮನುಷ್ಯ ಡಾಕ್ಟರ ಬಳಿ ಬರುವ ಹೊತ್ತಿಗೆ ಗಡ್ಡೆಗಳು ಹತ್ತಾರು ವರ್ಷ ಹಳೆಯವು.

ಯಾವ ನೆನಪು?

‘ನೆನಪು ಸುಧಾರಿಸಿತು’ ಎಂದ ಕೂಡಲೇ ಯಾವ ನೆನಪು ಎಂದು ಕೇಳಲು ಕಲಿಸಿದವರು ಹೆನ್ರಿ ಮೊಲೈಸನ್. ಅಪಸ್ಮಾರ ನಿಲ್ಲಿಸಲೆಂದು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ಶಸ್ತ್ರಕ್ರಿಯೆಯಲ್ಲಿ ತೆಗೆದರು. ಆಮೇಲೆ ಅವರಲ್ಲಿ ಹೊಸ ಘಟನೆ ಯಾವುದೂ ನೆಲೆ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್ನರಿಗೆ ಕನ್ನಡಿಯಲ್ಲಿ ಕೈ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಪ್ರತಿ ದಿನವೂ ಅವರ ಮಟ್ಟಿಗೆ ಅದು ಹಿಂದೆಂದೂ ಮಾಡದ ಕೆಲಸ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಸಂಶೋಧಕರಿಗೆ ತಾಳ್ಮೆಯಿಂದ ಸಹಕರಿಸಿದರು. ಕೈಯ ಕಸುಬು, ಘಟನೆಯ ನೆನಪು, ಪದಗಳ ಅರ್ಥ, ಫೋನ್ ನಂಬರನ್ನು ಒತ್ತುವವರೆಗೆ ಮನಸ್ಸಿನಲ್ಲಿಟ್ಟುಕೊಳ್ಳುವ ಶಕ್ತಿ, ಇವೆಲ್ಲ ಬೇರೆ ಬೇರೆ ವ್ಯವಸ್ಥೆಗಳು. ಒಂದಕ್ಕೆ ಹಿಡಿಸುವ ಔಷಧಿ ಇನ್ನೊಂದನ್ನು ಮುಟ್ಟದೇ ಹೋಗಬಹುದು. ತೊಟ್ಟಿಯ ಇಲಿ ತೋರಿಸುವುದು ಜಾಗದ ನೆನಪನ್ನು. ಹೆಸರುಗಳನ್ನು ಮರೆಯುವ ವೃದ್ಧರಿಗೂ ಅದಕ್ಕೂ ಸಂಬಂಧವಿದೆಯೇ ಎಂದು ತೊಟ್ಟಿಯೇ ಹೇಳಲಾರದು.

ಹತ್ತು ಪದಗಳ ಪಟ್ಟಿ

ಮನುಷ್ಯರ ಮೇಲಿನ ಮೊದಲ ಹಂತದಲ್ಲಿ ನೆನಪಿನ ಮಾತೇ ಬರುವುದಿಲ್ಲ. ಕೆಲವೇ ಜನ ಸ್ವಯಂಸೇವಕರಿಗೆ ಸಣ್ಣ ಡೋಸಿನಿಂದ ಶುರುಮಾಡಿ, ಔಷಧಿ ಸುರಕ್ಷಿತವೇ, ರಕ್ತದಿಂದ ಮಿದುಳಿಗೆ ಸಾಕಷ್ಟು ತಲುಪುತ್ತದೆಯೇ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ರೋಗಿಗಳು, ಸರಿಯಾದ ಡೋಸಿನ ಹುಡುಕಾಟ. ಮೂರನೆಯದರಲ್ಲಿ ನೂರಾರು ಸಾವಿರಾರು ಜನ, ಅರ್ಧಕ್ಕೆ ಔಷಧಿ, ಅರ್ಧಕ್ಕೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಪ್ಲಸೀಬೊ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

ಅಳೆಯುವುದು ಹೇಗೆ? ಆಲ್ಝೈಮರ್ ಟ್ರಯಲ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, 1984ರ ಅಡಾಸ್-ಕಾಗ್ ಪರೀಕ್ಷೆಯ ಕೋಣೆಯೊಳಗೆ ಹೋಗೋಣ. ಮೇಜಿನ ಈಚೆ ರೋಗಿ, ಆಚೆ ಪರೀಕ್ಷಕಿ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪದ, ಒಟ್ಟು ಹತ್ತು. ಓದಿಸಿ, ಮುಚ್ಚಿಟ್ಟು, ನೆನಪಿದ್ದಷ್ಟು ಹೇಳಿ ಎನ್ನುತ್ತಾರೆ. ಹೀಗೆ ಮೂರು ಸಲ. ಆಮೇಲೆ ವಸ್ತುಗಳ ಹೆಸರು, ಕೈಬೆರಳುಗಳ ಹೆಸರು. ವೃತ್ತ, ಘನಾಕೃತಿ ನೋಡಿ ಬರೆಯುವುದು. ಇಂದು ಯಾವ ದಿನ, ಈ ಜಾಗ ಯಾವುದು. ಒಂದು ಹಾಳೆ, ಒಂದು ಲಕೋಟೆ ಕೊಟ್ಟು, ಇದನ್ನು ನಿಮಗೇ ಬರೆದ ಪತ್ರ ಅಂದುಕೊಳ್ಳಿ, ಮಡಚಿ ಒಳಗಿಟ್ಟು, ಅಂಟಿಸಿ, ವಿಳಾಸ ಬರೆದು, ಸ್ಟಾಂಪ್ ಎಲ್ಲಿ ಹಚ್ಚಬೇಕು ತೋರಿಸಿ ಎನ್ನುತ್ತಾರೆ. ಜೀವನವಿಡೀ ಪತ್ರ ಬರೆದವರು ಹಾಳೆಯನ್ನು ಕೈಯಲ್ಲಿ ಹಿಡಿದು ಮುಂದೇನೆಂದು ತಿಳಿಯದೆ ಕೂರುವುದುಂಟು. ತಪ್ಪುಗಳಿಗೆ ಅಂಕ, ಒಟ್ಟು 70. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಎಂದರ್ಥ. ಡೊನೆಪೆಜಿಲ್ ಆರು ತಿಂಗಳಲ್ಲಿ ತಂದ ವ್ಯತ್ಯಾಸ ಈ 70ರಲ್ಲಿ ಸುಮಾರು ಎರಡು ಮೂರು ಅಂಕ.

ಇಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ. ಮೂರು ತಿಂಗಳ ಬಳಿಕ ಅದೇ ಹತ್ತು ಪದ ಕೇಳಿದರೆ ಅಂಕ ಸುಧಾರಿಸುತ್ತದೆ. ಅದು ಒಂದೇ ಪ್ರಶ್ನೆಪತ್ರಿಕೆಯನ್ನು ಎರಡನೆಯ ಸಲ ಬರೆದ ವಿದ್ಯಾರ್ಥಿಯ ಸುಧಾರಣೆ. ಪ್ರತಿ ಭೇಟಿಗೂ ಬೇರೆ ಪಟ್ಟಿ ಬಳಸುವುದು, ಔಷಧಿ ಶುರುವಾಗುವ ಮುಂಚೆಯೇ ಒಂದೆರಡು ಸಲ ಅಭ್ಯಾಸ ಮಾಡಿಸಿಬಿಡುವುದು ಇದಕ್ಕೆ ಪರಿಹಾರ. ಪರೀಕ್ಷೆ ತೀರಾ ಸುಲಭವಾದರೆ ಎಲ್ಲರೂ ಪೂರ್ತಿ ಅಂಕ ಪಡೆದು ಸುಧಾರಣೆಗೆ ಜಾಗವೇ ಇರುವುದಿಲ್ಲ. ತೀರಾ ಕಠಿಣವಾದರೆ ಎಲ್ಲರೂ ಸೊನ್ನೆ, ಆಗಲೂ ಔಷಧಿಯ ಗುಣ ಕಾಣುವುದಿಲ್ಲ. ನಿದ್ದೆ ಕೆಟ್ಟ ರಾತ್ರಿ, ಖಿನ್ನತೆ, ಕೇಳಿಸದ ಕಿವಿ, ಎಲ್ಲವೂ ಅಂಕದೊಳಗೆ ನುಸುಳುತ್ತವೆ. ಮನೆಯವರನ್ನೂ ಕೇಳುತ್ತಾರೆ, ಆದರೆ ಮನೆಯವರು ಆಸೆಯಿಂದಲೇ ಬಂದಿರುತ್ತಾರೆ. ಆ ಆಸೆ ಪ್ರಶ್ನಾವಳಿಯ ಮೇಲೆ ತನ್ನ ಗುರುತು ಬಿಟ್ಟೇ ಬಿಡುತ್ತದೆ.

ಟ್ರಯಲ್‌ಗೆ ಸೇರಿದವರಿಗೆ ನಿಜಕ್ಕೂ ಆ ಕಾಯಿಲೆಯೇ ಇದೆಯೇ ಎಂಬುದೂ ಬಹುಕಾಲ ಖಚಿತವಿರಲಿಲ್ಲ. ಅಮೈಲಾಯ್ಡ್ ತೆಗೆಯಲು ರೂಪಿಸಿದ ಬಾಪಿನ್ಯೂಝುಮ್ಯಾಬ್ ಔಷಧಿಯ ದೊಡ್ಡ ಟ್ರಯಲ್‌ಗಳು 2012ರಲ್ಲಿ ಸೋತವು. ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡವರ ಫಲಿತಾಂಶ ನೋಡಿದರೆ, ಕಾಯಿಲೆಯ ಅಪಾಯ ಹೆಚ್ಚಿಸುವ ಎಪಿಒಇ4 ಜೀನ್ ಇಲ್ಲದ ರೋಗಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರ ಮಿದುಳಿನಲ್ಲಿ ಗಮನಾರ್ಹ ಅಮೈಲಾಯ್ಡ್ ಇರಲೇ ಇಲ್ಲ. ಇಲ್ಲದ್ದನ್ನು ತೆಗೆಯುವ ಔಷಧಿಯನ್ನು ಅವರಿಗೆ ತಿಂಗಳುಗಟ್ಟಲೆ ಕೊಟ್ಟಿದ್ದರು. ಈಗ ಸ್ಕ್ಯಾನ್‌ನಿಂದಲೋ ಬೆನ್ನುಹುರಿಯ ದ್ರವದಿಂದಲೋ ಖಚಿತಪಡಿಸಿಕೊಂಡೇ ಸೇರಿಸಿಕೊಳ್ಳುತ್ತಾರೆ.

ಒಪ್ಪಿಗೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ನಿನ್ನೆ ಸಹಿ ಹಾಕಿದ್ದು ಇಂದು ನೆನಪಿಲ್ಲದವರ ಒಪ್ಪಿಗೆಗೆ ಎಷ್ಟು ತೂಕ? ಅದಕ್ಕೇ ಪ್ರತಿ ಭೇಟಿಯಲ್ಲೂ ಮತ್ತೆ ವಿವರಿಸಿ ಮತ್ತೆ ಕೇಳಬೇಕು. ಕಾನೂನಿನ ಪ್ರಕಾರ ಹತ್ತಿರದವರು ಸಹಿ ಹಾಕಿದ್ದರೂ ರೋಗಿ ತಲೆ ಅಲ್ಲಾಡಿಸಿದರೆ ಸೂಜಿ ಚುಚ್ಚಬಾರದು. ಈ ನಿಯಮದಿಂದ ಅಂಕಿಅಂಶಕ್ಕೆ ಎಷ್ಟೇ ತೊಡಕಾದರೂ ನನಗೆ ಇದು ರಾಜಿಗೆ ಅವಕಾಶವಿಲ್ಲದ ವಿಷಯ.

ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತದ್ದು

ನ್ಯೂರೋಫೈಬ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮೊದಲ ಬಗೆ ಸುಮಾರು ಮೂರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ಕಲಿಕೆಯ ತೊಂದರೆಯಿರುತ್ತದೆ. ಇದೇ ಜೀನ್ ಕೆಟ್ಟ ಇಲಿಗಳಲ್ಲಿ ರ‍್ಯಾಸ್ ಎಂಬ ಪ್ರೋಟೀನ್ ಅತಿಯಾಗಿ ಚುರುಕಾಗಿರುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಿಗಳು ಅದನ್ನು ತಗ್ಗಿಸಬಲ್ಲವು. ಲಾಸ್ ಏಂಜಲೀಸ್‌ನ ಆಲ್ಸಿನೊ ಸಿಲ್ವಾ ಅವರ ತಂಡ 2005ರಲ್ಲಿ ಈ ಇಲಿಗಳಿಗೆ ಲೊವಸ್ಟ್ಯಾಟಿನ್ ಕೊಟ್ಟಾಗ ತೊಟ್ಟಿಯಲ್ಲಿ ಅವು ಸಾಮಾನ್ಯ ಇಲಿಗಳಂತೆಯೇ ಕಲಿತವು. ಕಾರಣ ಗೊತ್ತಿತ್ತು, ಔಷಧಿ ಆಗಲೇ ಅಂಗಡಿಯಲ್ಲಿತ್ತು. ಇದಕ್ಕಿಂತ ಒಳ್ಳೆಯ ಶುರುವಾತು ಸಿಗುವುದು ಅಪರೂಪ.

2008ರಲ್ಲಿ ನೆದರ್ಲೆಂಡ್ಸ್‌ನ ತಂಡ 62 ಮಕ್ಕಳಿಗೆ ಅದೇ ಗುಂಪಿನ ಸಿಮ್ವಸ್ಟ್ಯಾಟಿನ್ ಅಥವಾ ಪ್ಲಸೀಬೊವನ್ನು ಹನ್ನೆರಡು ವಾರ ಕೊಟ್ಟು ನೋಡಿತು. ಮುಖ್ಯ ಅಳತೆಗಳಲ್ಲಿ ವ್ಯತ್ಯಾಸವಿರಲಿಲ್ಲ. ಅವಧಿ ಕಡಿಮೆಯಾಯಿತೇನೋ ಎಂದು 84 ಮಕ್ಕಳಿಗೆ ಇಡೀ ವರ್ಷ ಕೊಟ್ಟರು. 2013ರಲ್ಲಿ ಬಂದ ಉತ್ತರವೂ ಇಲ್ಲ ಎಂದೇ. ಲೊವಸ್ಟ್ಯಾಟಿನ್‌ನದೇ ದೊಡ್ಡ ಟ್ರಯಲ್ 2016ರಲ್ಲಿ ಅದನ್ನೇ ಹೇಳಿತು. ಇಲಿಯ ಫಲಿತಾಂಶ ಸುಳ್ಳಾಗಿತ್ತೆಂದು ನಾನು ಹೇಳುವುದಿಲ್ಲ. ತೊಟ್ಟಿಯಲ್ಲಿ ಅಳೆದದ್ದು ಒಂದು ತಳಿಯ, ಒಂದೇ ವಯಸ್ಸಿನ, ಒಂದೇ ಬಗೆಯ ಪಂಜರದಲ್ಲಿ ಬೆಳೆದ ಇಲಿಗಳ ಜಾಗದ ನೆನಪು. ಮಕ್ಕಳಲ್ಲಿ ಅಳೆದದ್ದು ಗಮನ, ಚಿತ್ರ ಬರೆಯುವ ಕೌಶಲ, ಒಟ್ಟು ಬುದ್ಧಿಶಕ್ತಿ. ಇಲಿಯ ಮಿದುಳಿಗೆ ಸಾಕಾದ ಡೋಸ್ ಮಗುವಿನ ಮಿದುಳಿಗೆ ಸಾಕಾಗಿತ್ತೇ ಎಂಬುದೂ ಬೇರೆ ಮಾತು.

ಫ್ರಜೈಲ್ ಎಕ್ಸ್‌ನ ಕಥೆ ಇದಕ್ಕಿಂತ ನೋವಿನದು. ಬೌದ್ಧಿಕ ಅಸಾಮರ್ಥ್ಯಕ್ಕೆ ಆನುವಂಶಿಕವಾಗಿ ಬರುವ ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಇದು. 1991ರಲ್ಲಿ ಜೀನ್ ಸಿಕ್ಕಿತು, 1994ರಲ್ಲಿ ಇಲಿ ಮಾದರಿ ಬಂತು, 2004ರಲ್ಲಿ ಮಾರ್ಕ್ ಬೇರ್ ಮತ್ತಿತರರು ಎಂಗ್ಲುಆರ್5 ಎಂಬ ಗ್ರಾಹಕದ ಅತಿಚಟುವಟಿಕೆಯೇ ಮೂಲವೆಂಬ ಸಿದ್ಧಾಂತ ಮುಂದಿಟ್ಟರು. ಆ ಗ್ರಾಹಕವನ್ನು ತಗ್ಗಿಸಿದರೆ ಇಲಿಗಳಲ್ಲಿ ಒಂದಲ್ಲ ಹಲವು ಲಕ್ಷಣಗಳು ಸರಿಹೋದವು. ಮಾವೊಗ್ಲುರಂಟ್ ಎಂಬ ಔಷಧಿಯನ್ನು ಹದಿಹರೆಯದವರಿಗೂ ವಯಸ್ಕರಿಗೂ ಹನ್ನೆರಡು ವಾರ ಕೊಟ್ಟ ಟ್ರಯಲ್‌ಗಳು ಸೋತು, 2014ರಲ್ಲಿ ಕಾರ್ಯಕ್ರಮ ನಿಂತಿತು. ಅಲ್ಲಿ ಮುಖ್ಯವಾಗಿ ಅಳೆದದ್ದು ಕಲಿಕೆಯನ್ನಲ್ಲ, ಪೋಷಕರು ತುಂಬುವ ವರ್ತನೆಯ ಪ್ರಶ್ನಾವಳಿಯನ್ನು. ಪ್ಲಸೀಬೊ ಪಡೆದವರ ಪೋಷಕರೂ ಸುಧಾರಣೆ ಕಂಡರು. ಔಷಧಿ ನಿಜಕ್ಕೂ ನಿಷ್ಪ್ರಯೋಜಕವೇ, ಹನ್ನೆರಡು ವಾರದಲ್ಲಿ ಕಲಿಕೆ ಬದಲಾಗದೇ, ಬೆಳೆಯುವ ವಯಸ್ಸು ದಾಟಿದ ಮೇಲೆ ಕೊಟ್ಟದ್ದು ತಡವಾಯಿತೇ, ಅಥವಾ ಅಳತೆಯೇ ಸರಿಯಿರಲಿಲ್ಲವೇ? ಟ್ರಯಲ್‌ನ ರೂಪುರೇಷೆ ಇವುಗಳನ್ನು ಬಿಡಿಸಿ ಹೇಳುವಂತಿರಲಿಲ್ಲ. ಔಷಧಿ ಸೋಲುವುದನ್ನು ಸಹಿಸಬಹುದು. ಏಕೆ ಸೋತಿತೆಂದು ತಿಳಿಯದ ಹಾಗೆ ಟ್ರಯಲ್ ರೂಪಿಸುವುದು ಭಾಗವಹಿಸಿದ ಕುಟುಂಬಗಳಿಗೆ ಮಾಡುವ ಅನ್ಯಾಯ.

ಎರಡನೆಯ ಹಂತದ ಗೆಲುವೂ ಭರವಸೆಯಲ್ಲ. ಡಿಮೆಬಾನ್ ರಷ್ಯಾದಲ್ಲಿ ಅಲರ್ಜಿಗೆ ಬಳಸುತ್ತಿದ್ದ ಹಳೆಯ ಔಷಧಿ. 2008ರಲ್ಲಿ ಅಲ್ಲಿನ 183 ಆಲ್ಝೈಮರ್ ರೋಗಿಗಳ ಟ್ರಯಲ್ ಬೆರಗುಗೊಳಿಸುವ ಫಲಿತಾಂಶ ಕೊಟ್ಟಿತು. 2010ರಲ್ಲಿ ಹೊರಬಂದ ದೊಡ್ಡ ಟ್ರಯಲ್‌ನಲ್ಲಿ ಅದು ಪ್ಲಸೀಬೊಗಿಂತ ಒಂದು ಕೂದಲೂ ಮೇಲಿರಲಿಲ್ಲ. ಅದೇ ವರ್ಷ ಸೆಮಗಸಿಸ್ಟ್ಯಾಟ್ ಎಂಬ ಔಷಧಿಯ ಟ್ರಯಲ್ ನಡುವಿನಲ್ಲೇ ನಿಂತಿತು, ಅದನ್ನು ಪಡೆದವರ ಸ್ಥಿತಿ ಪ್ಲಸೀಬೊದವರಿಗಿಂತ ಕೆಟ್ಟಿತ್ತು. ನೆನಪಿಗೆ ಒಳ್ಳೆಯದೆಂದು ಅಂಗಡಿಗಳಲ್ಲಿ ಮಾರುವ ಗಿಂಕೊ ಎಲೆಯ ಸಾರವನ್ನು 75 ದಾಟಿದ 3,069 ಜನರಲ್ಲಿ ಸುಮಾರು ಆರು ವರ್ಷ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಮರೆವಿನ ಕಾಯಿಲೆ ಬರುವುದನ್ನು ಅದು ತಡೆಯಲಿಲ್ಲ. 2002ರಿಂದ 2012ರವರೆಗೆ ನಡೆದ 413 ಆಲ್ಝೈಮರ್ ಟ್ರಯಲ್‌ಗಳನ್ನು ಲೆಕ್ಕಹಾಕಿದ ಸಮೀಕ್ಷೆಯೊಂದು ಔಷಧಿಗಳ ಸೋಲಿನ ಪ್ರಮಾಣವನ್ನು ಶೇ. 99.6 ಎಂದಿತು.

ಅರ್ಧ ಅಂಕದ ಬೆಲೆ

ಗೆದ್ದದ್ದನ್ನೂ ನೋಡೋಣ. ಅಮೈಲಾಯ್ಡ್ ಗಡ್ಡೆಗಳನ್ನು ತೆಗೆಯುವ ಲೆಕನೆಮ್ಯಾಬ್ ಔಷಧಿಯನ್ನು ಆರಂಭಿಕ ಹಂತದ 1,795 ರೋಗಿಗಳಲ್ಲಿ 18 ತಿಂಗಳು ಪರೀಕ್ಷಿಸಿ 2022ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕಾಯಿಲೆಯ ಓಟ ಶೇ. 27ರಷ್ಟು ನಿಧಾನವಾಯಿತು ಎಂದು ಎಲ್ಲೆಡೆ ಬಂತು.

ಆ 27 ಹುಟ್ಟಿದ್ದು ಹೀಗೆ. ಇಲ್ಲಿ ಬಳಸಿದ ಸಿಡಿಆರ್ ಅಳತೆಯಲ್ಲಿ ಆರು ವಿಭಾಗಗಳಿವೆ: ನೆನಪು, ದಿನ ಮತ್ತು ಜಾಗದ ಅರಿವು, ತೀರ್ಮಾನ ಶಕ್ತಿ, ಹೊರಗಿನ ವ್ಯವಹಾರ, ಮನೆಗೆಲಸ ಮತ್ತು ಹವ್ಯಾಸ, ಸ್ವಂತ ಆರೈಕೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 18. ಪ್ಲಸೀಬೊ ಪಡೆದವರ ಅಂಕ 18 ತಿಂಗಳಲ್ಲಿ ಸರಾಸರಿ 1.66 ಕೆಟ್ಟಿತು, ಔಷಧಿ ಪಡೆದವರದು 1.21. ನಡುವಿನ ಅಂತರ 0.45, ಅಂದರೆ 1.66ರ ಶೇ. 27. ಒಬ್ಬ ರೋಗಿಯ ಒಂದು ವಿಭಾಗದಲ್ಲಿ ಡಾಕ್ಟರು ಗುರುತಿಸಬಹುದಾದ ಅತಿ ಸಣ್ಣ ಹೆಜ್ಜೆಯೇ 0.5. ಅಂದರೆ ಈ ಸರಾಸರಿ ಅಂತರ ಆ ಒಂದು ಹೆಜ್ಜೆಗಿಂತಲೂ ಕಡಿಮೆ. ಔಷಧಿ ಪಡೆದವರ ನೆನಪು ಮರಳಲಿಲ್ಲ, ಅವರೂ ಇಳಿಜಾರಿನಲ್ಲೇ ಇದ್ದರು, ಕೊಂಚ ನಿಧಾನವಾಗಿ. ಇದಕ್ಕೆ ಟ್ರಯಲ್‌ನಲ್ಲಿ ಅವರು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು, ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕಿತ್ತು. ಶೇ. 12.6 ಜನರ ಮಿದುಳಿನಲ್ಲಿ ಊತ ಕಾಣಿಸಿತು. ಬಹಳಷ್ಟು ಜನರಿಗೆ ಅದರಿಂದ ತೊಂದರೆಯಾಗಲಿಲ್ಲ, ಕೆಲವರಿಗೆ ಆಯಿತು.

ಈ ಅಂತರ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿಯಾದದ್ದೇ, ಆಕಸ್ಮಿಕವಲ್ಲ. ಮನೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಬಗ್ಗೆ ನರರೋಗ ತಜ್ಞರಲ್ಲೇ ಒಮ್ಮತವಿಲ್ಲ. ಗಡ್ಡೆ ತೆಗೆದರೆ ಕಾಯಿಲೆಯ ವೇಗ ತಗ್ಗುತ್ತದೆ ಎಂದು ಮೊದಲ ಸಲ ಸ್ಪಷ್ಟವಾಗಿ ಕಂಡದ್ದು ದೊಡ್ಡ ವಿಷಯ ಎಂದೇ ನನ್ನ ಅನಿಸಿಕೆ. ಆದರೆ ರೋಗಿಯ ಮನೆಯವರಿಗೆ 27 ಎಂದು ಹೇಳಿ 0.45 ಎಂದು ಹೇಳದಿರುವುದು ಪ್ರಾಮಾಣಿಕತೆಯಲ್ಲ. ಎರಡನ್ನೂ ಹೇಳಿ, ಅಪಾಯವನ್ನೂ ಹೇಳಿ, ತೀರ್ಮಾನ ಅವರಿಗೆ ಬಿಡಬೇಕು.

ನೊಣದಿಂದ ಬಂದ ದಾರಿ

ಕ್ಯಾಲಿಫೋರ್ನಿಯಾದ ಸೀಮರ್ ಬೆಂಝರ್ ಅವರ ಲ್ಯಾಬಿನಲ್ಲಿ 1974ರ ಹೊತ್ತಿಗೆ ಹಣ್ಣಿನ ನೊಣಗಳಿಗೆ ಪಾಠ ಹೇಳಲು ಕಲಿತಿದ್ದರು. ಒಂದು ವಾಸನೆಯ ಜೊತೆ ಶಾಕ್ ಕೊಟ್ಟರೆ ನೊಣಗಳು ಮುಂದೆ ಆ ವಾಸನೆಯಿಂದ ದೂರ ಹಾರುತ್ತವೆ. 1976ರಲ್ಲಿ, ವಾಸನೆ ತಿಳಿದರೂ ಶಾಕ್‌ಗೆ ಬೆಚ್ಚಿದರೂ ಎರಡನ್ನೂ ಜೋಡಿಸಿಕೊಳ್ಳಲಾರದ ನೊಣದ ತಳಿಯೊಂದು ಸಿಕ್ಕಿತು. ಅದಕ್ಕೆ ‘ಡನ್ಸ್’ (ದಡ್ಡ) ಎಂದು ಹೆಸರಿಟ್ಟರು. ಕೆಟ್ಟಿದ್ದು ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ರಾಸಾಯನಿಕವನ್ನು ಒಡೆಯುವ ಕಿಣ್ವದ ಜೀನ್. ಮನುಷ್ಯರಲ್ಲಿ ಅದರ ಬಂಧು ಪಿಡಿಇ4ಡಿ. ಫ್ರಜೈಲ್ ಎಕ್ಸ್ ಇರುವವರಲ್ಲಿ ಸೈಕ್ಲಿಕ್ ಎಎಂಪಿ ಕಡಿಮೆಯಿರುವುದರಿಂದ, ಆ ಕಿಣ್ವವನ್ನು ತಗ್ಗಿಸಿದರೆ ಏನಾದೀತು ಎಂದು ನೋಡಲು ಜಟೊಲ್ಮಿಲಾಸ್ಟ್ ಎಂಬ ಔಷಧಿಯ ಸಣ್ಣ ಟ್ರಯಲ್ ನಡೆಯಿತು. 2021ರಲ್ಲಿ ಫಲಿತಾಂಶ ಬಂತು.

ಭಾಗವಹಿಸಿದವರು 30 ವಯಸ್ಕ ಗಂಡಸರು. ಪ್ರತಿಯೊಬ್ಬರೂ ಹನ್ನೆರಡು ವಾರ ಔಷಧಿ, ಹನ್ನೆರಡು ವಾರ ಪ್ಲಸೀಬೊ ಪಡೆದರು. ಯಾವುದು ಮೊದಲು ಎಂಬುದನ್ನು ಮಾತ್ರ ಚೀಟಿ ತೀರ್ಮಾನಿಸಿತು. ಹೀಗಾಗಿ ಪ್ರತಿ ವ್ಯಕ್ತಿಯನ್ನು ಅವನ ಜೊತೆಗೇ ಹೋಲಿಸಬಹುದಾಯಿತು. ಹಿಂದಿನ ಸೋಲುಗಳಿಂದ ಕಲಿತ ಪಾಠ ಅಳತೆಯಲ್ಲೂ ಕಾಣುತ್ತದೆ. ಪೋಷಕರ ಅಭಿಪ್ರಾಯದ ಜೊತೆಗೆ ಟ್ಯಾಬ್ಲೆಟ್‌ನಲ್ಲಿ ಚಿತ್ರ ನೋಡಿ ಪದ ಗುರುತಿಸುವ, ಬರಹ ಓದುವ ಪರೀಕ್ಷೆಗಳನ್ನು ಇಟ್ಟಿದ್ದರು. ಬೌದ್ಧಿಕ ಅಸಾಮರ್ಥ್ಯವಿರುವವರು ಎಲ್ಲರೂ ಸೊನ್ನೆಗೆ ಬಂದು ನಿಲ್ಲದಂತೆ, ಈ ಪರೀಕ್ಷೆಗಳು ಅವರಿಗೂ ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಂಡಿದ್ದರು. ಔಷಧಿಯ ಅವಧಿಯಲ್ಲಿ ಭಾಷೆಗೆ ಸಂಬಂಧಿಸಿದ ಅಂಕಗಳು ಏರಿದವು. ಮಾತು ಮತ್ತು ದಿನದ ಕೆಲಸಗಳಲ್ಲಿ ಸುಧಾರಣೆಯಿದೆಯೆಂದು ಪೋಷಕರೂ ಹೇಳಿದರು. ಟ್ರಯಲ್‌ನ ಮೊದಲ ಗುರಿ ಸುರಕ್ಷತೆಯಾಗಿತ್ತು, ಕಲಿಕೆಯ ಅಂಕಗಳು ಎರಡನೆಯವು. ಮೂವತ್ತು ಜನ, ಒಂದೇ ಲಿಂಗ, ವಯಸ್ಕರು ಮಾತ್ರ. ಡಿಮೆಬಾನ್ ಕೂಡ ಒಮ್ಮೆ ಇಂಥದ್ದೇ ಮೆಟ್ಟಿಲ ಮೇಲೆ ನಿಂತಿತ್ತು. ಹದಿಹರೆಯದವರನ್ನೂ ಸೇರಿಸಿಕೊಂಡು, ಕಲಿಕೆಯ ಅಂಕವನ್ನೇ ಮುಖ್ಯ ಗುರಿಯೆಂದು ಮೊದಲೇ ಬರೆದಿಟ್ಟು ನಡೆಸುವ ದೊಡ್ಡ ಟ್ರಯಲ್‌ಗೆ ಮಾತ್ರ ಈ ಔಷಧಿಯ ಬಗ್ಗೆ ಹೌದು ಅಥವಾ ಇಲ್ಲ ಎನ್ನುವ ಅಧಿಕಾರವಿದೆ.